ಬಾಯಿಗೆ ಬರುವ ಬೈಗುಳ: ಕಥೋಲಿಕರಿಗೆ ಅದು ಪಾಪವೇ, ಎಷ್ಟು ದೊಡ್ಡ ಪಾಪ?

ಓದುಗರ ಪ್ರಶ್ನೆ: "ಹುಬ್ಬಳ್ಳ್ಯಾಗ ಗೋಕುಲ ರೋಡ್ ಕಡೆ ನಂದೊಂದು ಲಾರಿ ಗ್ಯಾರೇಜ್ ಐತ್ರಿ. ನಾವು ಕಥೋಲಿಕರು, ಭಾನುವಾರದ ಪೂಜಿ ತಪ್ಪಸಂಗಿಲ್ಲ. ಆದ್ರ ನನ್ನ ಬಾಯಿ ಸರಿ ಇಲ್ಲ. ಪಾನಾ ಜಾರಿ ಕೈಗೆ ಬಡದ್ರ, ನಟ್ ಜಾಮ್ ಆಗಿ ಕುಂತ್ರ, ಕೆಲಸದ ಹುಡುಗ್ರು ತಪ್ಪು ಮಾಡಿದ್ರ ಹೊಲಸ ಮಾತು ತಾನ ಬರತಾವ. ಅವ್ವ, ಅಕ್ಕ ಎಲ್ಲಾ ಬರತದ. ಸಿಟ್ಟಿನ್ಯಾಗ ಒಮ್ಮೊಮ್ಮೆ ಜಾತಿ ಹಿಡದೂ ಬೈದೇನಿ. ಮಾತಿಗೊಮ್ಮೆ ದೇವರಾಣಿ ಮಾಡೂ ಚಟಾನೂ ಐತಿ. ಇಂಥಾ ಬಾಯಾಗ ಪರಮಪ್ರಸಾದ ತಗೊಂಡ್ರ ಇನ್ನೂ ದೊಡ್ಡ ಪಾಪ ಅಂತಾಳ ನನ್ನ ಹೇಣ್ತಿ. ಅದಕ್ಕ ನಾಕು ತಿಂಗಳಾತು, ಪೂಜಿಗೆ ಹೋಗ್ತೀನಿ, ಪ್ರಸಾದ ತಗೊಳ್ಳಂಗಿಲ್ಲ. ಗೆಳ್ಯಾರು 'ಬಾಯಿ ಹೊಲಸಾದ್ರ ಏನಾತು, ಮನಸು ಸ್ವಚ್ಛ ಇದ್ರ ಸಾಕು' ಅಂತಾರ. ಎಂಟು ವರ್ಷದ ಮಗ ಮೊದಲ ಪರಮಪ್ರಸಾದಕ್ಕ ತಯಾರಿ ನಡಸ್ಯಾನ. ಮೊನ್ನೆ ತಂಗಿಗೆ ನನ್ನ ಮಾತನ್ನ ಅಂದ. ಇದು ಖರೇನ ಪಾಪೇನ್ರಿ? ಬಿಡೂದು ಹೆಂಗ?"

ಉತ್ತರ:

ನಿಮ್ಮ ಪತ್ರದಲ್ಲಿ ನಿಮಗೆ ಹೆಚ್ಚು ಭಯ ಹುಟ್ಟಿಸಿರುವುದು ಪಾನಾ ಜಾರಿದಾಗ ಬಾಯಿಂದ ಬಿದ್ದ ಮಾತು. ಕೆಲಸದ ಹುಡುಗರ ಮೇಲೆ ಬಿದ್ದ ಮಾತನ್ನು ಒಂದೇ ಸಾಲಿನಲ್ಲಿ ದಾಟಿ ಹೋಗಿದ್ದೀರಿ. ಧರ್ಮಸಭೆಯ ಬೋಧನೆಯಲ್ಲಿ ತೂಕ ಇದಕ್ಕೆ ತದ್ವಿರುದ್ಧ. ಬಾಯಿಂದ ಬಂದ ಪದ ಯಾವುದು ಎಂಬುದಕ್ಕಿಂತ ಅದು ಯಾರ ಮೇಲೆ ಬಿತ್ತು, ಏನು ಬಯಸಿ ಅಂದಿರಿ ಎಂಬುದರ ಮೇಲೆ ಪಾಪದ ಲೆಕ್ಕ ನಿಲ್ಲುತ್ತದೆ.

ಮೊದಲು ಪರಮಪ್ರಸಾದದ, ಅಂದರೆ ಪೂಜೆಯಲ್ಲಿ ಸ್ವೀಕರಿಸುವ ಪವಿತ್ರ ರೊಟ್ಟಿಯ ವಿಷಯ, ಏಕೆಂದರೆ ನಾಲ್ಕು ತಿಂಗಳು ಸಣ್ಣ ಅವಧಿಯಲ್ಲ. ಮಾರಕ ಪಾಪದ, ಅಂದರೆ ದೇವರೊಂದಿಗಿನ ಸಂಬಂಧವನ್ನೇ ಕಡಿಯುವ ಪಾಪದ ಅರಿವಿರುವವರು ಪಾಪನಿವೇದನೆ (ಗುರುಗಳ ಮುಂದೆ ಪಾಪ ಒಪ್ಪಿಕೊಂಡು ಕ್ಷಮೆ ಪಡೆಯುವುದು) ಮಾಡದೆ ಪರಮಪ್ರಸಾದ ಸ್ವೀಕರಿಸಬಾರದು. ಇದು ಧರ್ಮಸಭೆಯ ನಿಯಮ, ಈ ಮಟ್ಟಿಗೆ ನಿಮ್ಮ ಮನೆಯವರ ಮಾತು ಸರಿ. ಆದರೆ ಮಾರಕ ಪಾಪವಾಗಲು ಮೂರೂ ಕೂಡಬೇಕು: ವಿಷಯ ಗಂಭೀರವಾಗಿರಬೇಕು, ಗಂಭೀರ ಎಂದು ಪೂರ್ಣ ಗೊತ್ತಿರಬೇಕು, ಗೊತ್ತಿದ್ದೂ ಮನಸಾರೆ ಒಪ್ಪಿ ಮಾಡಿರಬೇಕು. ಕ್ಯಾಟಕಿಸಂ ಎಂದು ನಾವು ಕರೆಯುವ 1992ರ ಧರ್ಮೋಪದೇಶ ಗ್ರಂಥದ 1857ನೆಯ ಪರಿಚ್ಛೇದ ಇದನ್ನು ಹೇಳುತ್ತದೆ. ಬೆರಳಿಗೆ ಕಬ್ಬಿಣ ಬಡಿದ ಕ್ಷಣದಲ್ಲಿ ಹೊರಬಿದ್ದ ಮಾತಿಗೆ ಈ ಮೂರರಲ್ಲಿ ಯಾವುದೂ ಸರಿಯಾಗಿ ಅನ್ವಯಿಸುವುದಿಲ್ಲ. ಅದು ಹೆಚ್ಚೆಂದರೆ ಲಘು ಪಾಪ, ಎಷ್ಟೋ ಸಲ ಅದೂ ಅಲ್ಲ. ಲಘು ಪಾಪ ಪರಮಪ್ರಸಾದಕ್ಕೆ ಅಡ್ಡಿಯಲ್ಲ. ಪರಮಪ್ರಸಾದವೇ ಲಘು ಪಾಪಗಳನ್ನು ತೊಳೆಯುತ್ತದೆ ಎಂದು ಅದೇ ಗ್ರಂಥದ 1394ನೆಯ ಪರಿಚ್ಛೇದ ಹೇಳುತ್ತದೆ. ಹಾಗಾಗಿ ಬಾಯಿ ಹೊಲಸು ಎಂಬ ಒಂದೇ ಕಾರಣಕ್ಕೆ ದೂರ ಉಳಿದಿದ್ದರೆ, ಮದ್ದು ಬೇಕಾದವರೇ ಮದ್ದು ಬಿಟ್ಟಂತಾಗಿದೆ. ಹುಡುಗರನ್ನು ಬೈದ ವಿಷಯ ಬೇರೆ. ಅದನ್ನು ಮುಂದೆ ಹೇಳುತ್ತೇನೆ, ಅದಕ್ಕಾಗಿ ಒಮ್ಮೆ ಪಾಪನಿವೇದನೆ ಮಾಡಿಯೇ ಪರಮಪ್ರಸಾದಕ್ಕೆ ಹೋಗುವುದು ಒಳ್ಳೆಯದು.

ಗೆಳೆಯರ ಮಾತಿಗೆ ಬರೋಣ. ಮನಸ್ಸು ಸ್ವಚ್ಛವಿದ್ದರೆ ಬಾಯಿ ಹೇಗಿದ್ದರೂ ನಡೆಯುತ್ತದೆ ಎಂಬುದಕ್ಕೆ ಬೈಬಲಿನಲ್ಲಿ ಎಲ್ಲಿಯೂ ಆಧಾರವಿಲ್ಲ. ಬಾಯಿಂದ ಹೊರಡುವುದು ಹೃದಯದಿಂದಲೇ ಹೊರಡುತ್ತದೆ ಎಂದು ಯೇಸು ಹೇಳಿದ್ದು ಮತ್ತಾಯನ ಶುಭಸಂದೇಶದ 15ನೆಯ ಅಧ್ಯಾಯದಲ್ಲಿದೆ. ಎಫೆಸದವರಿಗೆ ಪೌಲ ಬರೆದ ಪತ್ರ (4:29 ಮತ್ತು 5:4), ಕೊಲೊಸ್ಸೆಯವರಿಗೆ ಬರೆದದ್ದು (3:8) ಹೊಲಸು ಮಾತನ್ನು ಬಿಡಿ ಎಂದು ನೇರವಾಗಿಯೇ ಹೇಳುತ್ತವೆ. ಒಂದೇ ಬಾಯಿಂದ ದೇವರ ಸ್ತುತಿ, ಅದೇ ಬಾಯಿಂದ ದೇವರ ಹೋಲಿಕೆಯಲ್ಲಿ ಹುಟ್ಟಿದ ಮನುಷ್ಯನಿಗೆ ಶಾಪ, ಇದು ಆಗಬಾರದು ಎನ್ನುತ್ತಾನೆ ಯಕೋಬ (3:9-10). ಕಥೋಲಿಕ ಬೈಬಲಿನಲ್ಲಿರುವ ಸಿರಾಖನ ಗ್ರಂಥದ 23ನೆಯ ಅಧ್ಯಾಯ ಒಮ್ಮೆ ಓದಿ. ಆಣೆಯ ಚಟ, ಹೊಲಸು ಮಾತಿನ ಚಟ ಎರಡನ್ನೂ ಅಲ್ಲಿ ಒಟ್ಟಿಗೇ ಎತ್ತಿಕೊಂಡು, ಬೈಯುವುದನ್ನು ರೂಢಿ ಮಾಡಿಕೊಂಡವನು ಬದುಕಿಡೀ ತಿದ್ದಿಕೊಳ್ಳಲಾರ ಎಂದು ಎಚ್ಚರಿಸಲಾಗಿದೆ. ನಿಮ್ಮ ಪತ್ರಕ್ಕೇ ಬರೆದ ಹಾಗಿದೆ ಅದು.

ಹಾಗೆಂದು ಪ್ರತಿಯೊಂದು ಒರಟು ಪದವೂ ನರಕದ ಚೀಟಿ ಎಂಬ ಭಯವೂ ತಪ್ಪು. ಕ್ರಿಸ್ತನನ್ನು ಪಡೆಯಲು ಉಳಿದದ್ದೆಲ್ಲವನ್ನೂ ಕಸವೆಂದು ಎಣಿಸುತ್ತೇನೆ ಎಂದು ಪೌಲ ಫಿಲಿಪ್ಪಿಯವರಿಗೆ ಬರೆಯುವಾಗ (3:8) ಬಳಸಿದ ಗ್ರೀಕ್ ಪದ ಸೆಗಣಿ, ಹೇಲು ಎಂಬ ಅರ್ಥವನ್ನೂ ಕೊಡುತ್ತದೆ. ಯೇಸು ಫರಿಸಾಯರನ್ನು ಹಾವಿನ ಮರಿಗಳೇ ಎಂದದ್ದೂ ಉಂಟು. ಖಡಕ್ ಮಾತು ಪಾಪದ ಮಾತೇ ಆಗಬೇಕಿಲ್ಲ. ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ "ಲೇ ಮಗನ" ಎಂದು ಗೆಳೆಯನ ಹೆಗಲ ಮೇಲೆ ಕೈ ಹಾಕುವವನು, "ಖೋಡಿ", "ಮಂಗ್ಯಾ" ಎಂದು ಮಗುವನ್ನು ಮುದ್ದಿಸುವ ಅಜ್ಜಿ ಯಾವ ಪಾಪವನ್ನೂ ಮಾಡುತ್ತಿಲ್ಲ. "ಏನ್ ಸುಡುಗಾಡೋ" ಎಂದು ಗೊಣಗುವುದೂ ಅಷ್ಟೇ. ಅವನ್ನೆಲ್ಲ ಎಣಿಸುತ್ತ ಕೂತರೆ ನಿಜವಾಗಿ ಎಣಿಸಬೇಕಾದದ್ದು ಕಣ್ಣು ತಪ್ಪುತ್ತದೆ.

ಎಣಿಸಬೇಕಾದದ್ದರಲ್ಲಿ ಮೊದಲನೆಯದು ದೇವದೂಷಣೆ. ದೇವರನ್ನು, ಕ್ರಿಸ್ತನನ್ನು, ಸಂತರನ್ನು, ಪವಿತ್ರ ವಸ್ತುಗಳನ್ನು ದ್ವೇಷದಿಂದ, ಧಿಕ್ಕಾರದಿಂದ ನಿಂದಿಸುವುದು ತನ್ನಷ್ಟಕ್ಕೇ ಗಂಭೀರ ಪಾಪ (ಪರಿಚ್ಛೇದ 2148). ಕಥೋಲಿಕರ ಎಣಿಕೆಯಲ್ಲಿ ದೇವರ ನಾಮದ ಆಜ್ಞೆ ಎರಡನೆಯದು. ಹಲವು ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಅದೇ ಆಜ್ಞೆ ಮೂರನೆಯದಾಗಿರುವುದರಿಂದ ಪಕ್ಕದ ಮನೆಯವರ ಪುಸ್ತಕ ನೋಡಿ ಗೊಂದಲ ಮಾಡಿಕೊಳ್ಳಬೇಡಿ. ಬೆಚ್ಚಿಬಿದ್ದಾಗ "ಜೀಸಸ್", "ಓ ಮೈ ಗಾಡ್" ಎನ್ನುವುದು ದೂಷಣೆಯಲ್ಲ, ಆದರೆ ಗೌರವ ಕಡಿಮೆಯಾಗಿರುವುದರ ಗುರುತು. ಮಗ ಸತ್ತ ಮನೆಯಲ್ಲಿ ತಾಯಿ ಎದೆ ಬಡಿದುಕೊಂಡು "ದೇವರಿಗೆ ಕಣ್ಣಿಲ್ಲ" ಎಂದರೆ ಅದೂ ದೂಷಣೆಯಲ್ಲ, ದಯವಿಟ್ಟು ಅಲ್ಲಿ ಯಾರೂ ಅವರನ್ನು ತಿದ್ದಲು ಹೋಗಬೇಡಿ. ಏಳು ಸ್ವಾಮಿ, ಯಾಕೆ ನಿದ್ದೆ ಮಾಡುತ್ತಿದ್ದೀ ಎಂದು 44ನೆಯ ಕೀರ್ತನೆಯೇ ದೇವರನ್ನು ಕೇಳುತ್ತದೆ.

ಈಗ ಹುಡುಗರ ವಿಷಯ. ಎದುರಿನವನ ಮಾನ ಕಳೆಯಬೇಕೆಂದೇ ಬೈಯುವುದನ್ನು ಸಂತ ಥಾಮಸ್ ಅಕ್ವೈನಾಸ್ 13ನೆಯ ಶತಮಾನದಲ್ಲಿಯೇ ಕಳ್ಳತನದ ಸಾಲಿನಲ್ಲಿ ಇಟ್ಟು ಚರ್ಚಿಸಿದರು. ಮಾತು ಬರೀ ಸದ್ದಾಗಿ ನೋಯಿಸುವುದಿಲ್ಲ, ಅದರ ಹಿಂದಿನ ಉದ್ದೇಶ ತೂಗಬೇಕು ಎನ್ನುವುದು ಅವರ ಮೊದಲ ಮಾತು. ಎರಡನೆಯದು ಹಲವರಿಗೆ ಗೊತ್ತಿಲ್ಲ: ಉದ್ದೇಶವಿಲ್ಲದೆ ಹಗುರವಾಗಿ ಅಂದರೂ ಮಾತೇ ಅಷ್ಟು ಘೋರವಾಗಿದ್ದರೆ, ಕೇಳಿದವನ ಮಾನ ಅದರಿಂದ ಹೋಗುವಂತಿದ್ದರೆ, ಅದು ಮಾರಕ ಪಾಪವಾಗಬಹುದು. ತಮಾಷೆಗೆ ಹೊಡೆದರೂ ಜೋರಾಗಿ ಬಿದ್ದು ಗಾಯವಾದರೆ ಹೊಡೆದವನ ತಪ್ಪು ತಪ್ಪೇ ಎಂಬುದು ಅವರ ವಾದ. "ಗ್ಯಾರೇಜ್ ಅಂದ್ರ ಇದೆಲ್ಲಾ ಇರೂದ" ಎಂಬ ಸಮಾಧಾನ ಇದರ ಮುಂದೆ ನಿಲ್ಲುವುದಿಲ್ಲ.

ಹದಿನೆಂಟು ಹತ್ತೊಂಬತ್ತರ ಹುಡುಗ ಗ್ರೀಸ್ ಕೈಯಲ್ಲಿ ನಿಂತಿದ್ದಾನೆ. ಡ್ರೈವರು, ಕ್ಲೀನರು, ಚಹಾ ತಂದವನು ಎಲ್ಲರೂ ನೋಡುತ್ತಿದ್ದಾರೆ. ಮಾಲೀಕರು ಅವನ ತಾಯಿಯ ಹೆಸರೆತ್ತಿ ಹೊಲಸು ಬೈಯುತ್ತಾರೆ. ಅವನು ತಿರುಗಿ ಬೈಯುವಂತಿಲ್ಲ, ಶನಿವಾರದ ಪಗಾರ ನಿಮ್ಮ ಕೈಯಲ್ಲಿದೆ. ನಿಮ್ಮ ಗೆಳೆಯ ಅದೇ ಮಾತಿಗೆ ಇಮ್ಮಡಿ ಬೈದು ನಕ್ಕಾನು, ಇವನು ತಲೆ ತಗ್ಗಿಸುತ್ತಾನೆ. ಪದ ಒಂದೇ ಇದ್ದರೂ ಪಾಪ ಒಂದೇ ಅಲ್ಲ. ಬಾಯಿ ಕಟ್ಟಿದವನನ್ನು ಬೈಯುವುದು ಹೆಚ್ಚು ಭಾರದ್ದು, ಮತ್ತು ಅಲ್ಲಿಲ್ಲದ ಅವನ ತಾಯಿ ಏನೂ ತಪ್ಪು ಮಾಡಿಲ್ಲ. ನೀವು ಹೊಲಸು ಮಾತು ಎಂದು ಬರೆದಿರಿ. ಪಾಪನಿವೇದನೆಯಲ್ಲಿ ಅದನ್ನು ಅವಮಾನ ಮಾಡಿದ್ದು ಎಂದು ಹೇಳಿ, ಅದೇ ಸರಿಯಾದ ಹೆಸರು.

ಜಾತಿ ಹಿಡಿದು ಬೈಯುವುದಕ್ಕೆ ಯಾವ ರಿಯಾಯಿತಿಯೂ ಇಲ್ಲ. ಯೇಸು ಪರ್ವತ ಪ್ರಸಂಗದಲ್ಲಿ ಸೋದರನನ್ನು ಹೀನಾಯವಾಗಿ ಕರೆಯುವುದನ್ನು ಕೊಲೆಯ ಆಜ್ಞೆಯಡಿಯಲ್ಲೇ ಮಾತಾಡಿದರು (ಮತ್ತಾಯ 5:21-22). ಒಬ್ಬನ ಹುಟ್ಟನ್ನೇ ಬೈಗುಳ ಮಾಡುವುದು ಅದರ ಅತಿ ಕೆಟ್ಟ ರೂಪ. ಇದು ಪಾಪ ಮಾತ್ರವಲ್ಲ, ಅಪರಾಧ ಕೂಡ. 1989ರ ದೌರ್ಜನ್ಯ ತಡೆ ಕಾಯ್ದೆಯ 3(1) ಆರ್ ಮತ್ತು ಎಸ್ ಉಪಕಲಮುಗಳ ಪ್ರಕಾರ, ಪರಿಶಿಷ್ಟ ಜಾತಿ ಅಥವಾ ಪಂಗಡದವರನ್ನು ಆ ವರ್ಗಕ್ಕೆ ಸೇರದವರು ಜನರ ಕಣ್ಣಿಗೆ ಬೀಳುವ ಜಾಗದಲ್ಲಿ ಬೇಕೆಂದೇ ಅವಮಾನಿಸಿದರೆ, ಜಾತಿ ಹೆಸರೆತ್ತಿ ಬೈದರೆ ಆರು ತಿಂಗಳಿನಿಂದ ಐದು ವರ್ಷದವರೆಗೆ ಜೈಲು ಮತ್ತು ದಂಡ. ಬಾಗಿಲು ತೆರೆದ ಗ್ಯಾರೇಜಿನಲ್ಲಿ ಹತ್ತು ಜನರ ಕಣ್ಣೆದುರು ಬೈದು, ಇದು ನಮ್ಮ ನಮ್ಮೊಳಗಿನ ಮಾತು ಎನ್ನಲಾಗುವುದಿಲ್ಲ. ನಾಳೆಯಿಂದಲ್ಲ, ಇವತ್ತೇ ನಿಲ್ಲಿಸಬೇಕಾದ ಒಂದೇ ಒಂದು ವಿಷಯ ನಿಮ್ಮ ಪತ್ರದಲ್ಲಿದ್ದರೆ ಇದು.

ಹಾಗಾದರೆ ಹುಡುಗರನ್ನು ಗದರಿಸಲೇಬಾರದೇ? ಗದರಿಸಬೇಕು. ಗಾಲಿಯ ನಟ್ ಬಿಗಿ ಮಾಡದೆ ಗಾಡಿ ಹೊರಗೆ ಬಿಟ್ಟರೆ ದಾರಿಯಲ್ಲಿ ಜೀವ ಹೋಗುತ್ತದೆ, ಅಲ್ಲಿ ದನಿ ಏರದಿದ್ದರೇ ತಪ್ಪು. ಬುದ್ಧಿಯಿಲ್ಲದ ಗಲಾತ್ಯರೇ ಎಂದು ಪೌಲನೂ ಗದರಿಸಿದ್ದಾನೆ. ಮಾಡಿದ ಕೆಲಸವನ್ನು ಬೈಯಿರಿ, ಏನು ತಪ್ಪಾಯಿತು, ಅದರಿಂದ ಏನಾಗುತ್ತಿತ್ತು ಎಂದು ಹೇಳಿ ಬೈಯಿರಿ. ಅವನ ತಾಯಿ, ಜಾತಿ, ಬಡತನ, ಮೈಬಣ್ಣ, ಅಂಗದ ಊನ ಇವಕ್ಕೆ ಕೈ ಹಾಕಬೇಡಿ.

ಶಾಪದ ಮಾತು ಬೈಗುಳದ ಪಕ್ಕದ್ದು, ಆದರೆ ಅಳತೆ ಬೇರೆ. "ನಿನ್ನ ಹೆಣಾ ಎತ್ತಲಿ", "ವಂಶ ಹಾಳಾಗಲಿ" ಎಂದು ನಮ್ಮ ಕಡೆ ಮಕ್ಕಳಿಗೂ ದನಕ್ಕೂ ಅಂದುಬಿಡುತ್ತಾರೆ. ಅಂದವರಿಗೆ ಆ ಕೇಡು ಬೇಕಿರುವುದಿಲ್ಲ, ಹಾಗಾಗಿ ಅದು ಲಘುವಾದದ್ದು. ಕೇಡು ನಿಜಕ್ಕೂ ಆಗಲಿ ಎಂದು ಮನಸಾರೆ ಬಯಸಿ ಶಪಿಸಿದರೆ ಅದು ದ್ವೇಷ, ಗಂಭೀರ ಪಾಪ (ಪರಿಚ್ಛೇದ 2303). ಹೊಲದ ಬದುವಿನ ಜಗಳ, ಅಣ್ಣತಮ್ಮಂದಿರ ಪಾಲಿನ ಜಗಳಗಳಲ್ಲಿ ಒಂದೂ ಹೊಲಸು ಪದವಿಲ್ಲದೆ, ತಣ್ಣಗೆ ಹಾಕಿದ ಶಾಪ ನಿಮ್ಮ ಗ್ಯಾರೇಜಿನ ಇಡೀ ದಿನದ ಬೈಗುಳಕ್ಕಿಂತ ಭಾರವಾಗಿರುತ್ತದೆ.

ದೇವರಾಣೆ: ಆಣೆಯನ್ನೇ ಇಡಬೇಡಿ, ನಿಮ್ಮ ಹೌದು ಹೌದಾಗಿರಲಿ, ಇಲ್ಲ ಇಲ್ಲವಾಗಿರಲಿ ಎಂದು ಯೇಸು ಹೇಳಿದ್ದಾರೆ. ಕೋರ್ಟಿನಲ್ಲಿ ಸಾಕ್ಷಿ ಹೇಳುವಾಗ ಮಾಡುವ ಪ್ರಮಾಣದಂಥ ಗಂಭೀರ, ನ್ಯಾಯವಾದ ಸಂದರ್ಭಕ್ಕೆ ಧರ್ಮಸಭೆಯ ಅಡ್ಡಿಯಿಲ್ಲ (ಪರಿಚ್ಛೇದ 2154). ಆದರೆ ಗಿರಾಕಿಗೆ "ದೇವರಾಣಿ ನಾಳೆ ಗಾಡಿ ಕೊಡ್ತೀನಿ" ಎಂದು, ಆಗುವುದಿಲ್ಲವೆಂದು ಗೊತ್ತಿದ್ದೂ ಅಂದರೆ ಸುಳ್ಳಿಗೆ ದೇವರನ್ನು ಸಾಕ್ಷಿ ಕರೆದಂತಾಯಿತು. ವಸ್ತುಗಳ ಮೇಲಿನ ಹೊಲಸು ಪದಗಳಿಗಿಂತ ಇದನ್ನು ನೀವು ಮೊದಲು ಬಿಡಬೇಕು. ಬಿಡುವುದು ಸುಲಭವೂ ಹೌದು: ಪಾರ್ಟ್ ಬರದೆ ಗಾಡಿ ಬಿಡಲಾಗದಿದ್ದರೆ ಹಾಗೆಂದೇ ಹೇಳಿ, ದಿನ ಗೊತ್ತಿಲ್ಲದಿದ್ದರೆ ದಿನ ಕೊಡಬೇಡಿ.

ತಾನಾಗಿ ಬರುತ್ತದೆ ಎನ್ನುತ್ತೀರಿ, ಅದು ಅರ್ಧ ನಿಜ. ಪಾರ್ಶ್ವವಾಯು ಹೊಡೆದು ಮಾತು ನಿಂತವರಲ್ಲೂ ಕೆಲವರ ಬಾಯಲ್ಲಿ ಬೈಗುಳ ಮಾತ್ರ ಉಳಿದಿರುತ್ತದೆ. ಯೋಚಿಸಿ ಆಡುವ ಮಾತಿಗಿಂತ ಅದು ಬೇರೆ ದಾರಿಯಲ್ಲಿ ಬರುತ್ತದೆ ಎಂಬುದಕ್ಕೆ ವೈದ್ಯರು ಇದನ್ನೇ ತೋರಿಸುತ್ತಾರೆ. ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದ ರಿಚರ್ಡ್ ಸ್ಟೀಫನ್ಸ್ ತಂಡ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮಂಜುಗಡ್ಡೆಯ ನೀರಿನಲ್ಲಿ ಕೈ ಇಟ್ಟವರು ಬೈಯುತ್ತಿದ್ದಾಗ ನೋವನ್ನು ಹೆಚ್ಚು ಹೊತ್ತು ತಡೆದರು. 2011ರಲ್ಲಿ ಅವರೇ ಕಂಡದ್ದು, ದಿನವಿಡೀ ಬೈಯುವವರಿಗೆ ಆ ಲಾಭ ಕಡಿಮೆ. ನೋವಾದಾಗ ಮಾತು ಹೊರಬೀಳುವುದಕ್ಕೆ ದೇಹದಲ್ಲೇ ಕಾರಣವಿದೆ. ಚಟ ಹೊಣೆಯನ್ನು ಕಡಿಮೆ ಮಾಡುತ್ತದೆ ಎಂದು ಕ್ಯಾಟಕಿಸಂ ಕೂಡ ಒಪ್ಪುತ್ತದೆ (ಪರಿಚ್ಛೇದ 1735). ಆದರೆ ಚಟ ಎಂದು ಗೊತ್ತಾದ ಮೇಲೆ ಅದನ್ನು ಬಿಡಿಸಿಕೊಳ್ಳಲು ಏನೂ ಮಾಡದಿರುವುದಕ್ಕೆ ಹೊಣೆ ನಿಮ್ಮದೇ. ಇನ್ನೊಂದು ಮಾತು, ಪಾನಾ ಜಾರಿದಾಗಿನ ಮಾತು ತಾನಾಗಿ ಬರಬಹುದು. ಹುಡುಗನನ್ನು ಬೈಯುವ ಮಾತು ಹಾಗಲ್ಲ. ಕಾರ್ಪೊರೇಟರ ಮಗ ಗಾಡಿ ತಂದರೆ ಅದೇ ಬಾಯಿ ಸುಮ್ಮನಿರುತ್ತದಲ್ಲ, ಅಲ್ಲಿ ತಡೆ ಕೆಲಸ ಮಾಡುತ್ತಿದೆ ಎಂದೇ ಅರ್ಥ.

ಬಿಡುವ ದಾರಿಗಳಲ್ಲಿ ಜನ ಮೊದಲು ಹಿಡಿಯುವುದು ಹರಕೆ: ಇನ್ನು ಮೇಲೆ ಒಂದೂ ಕೆಟ್ಟ ಮಾತಾಡೆ ಎಂದು ದೇವರ ಮುಂದೆ ವ್ರತ. ದಯವಿಟ್ಟು ಮಾಡಬೇಡಿ. ದೇವರಿಗೆ ತಿಳಿದು ಮಾಡಿದ ವ್ರತ ಧರ್ಮಸಭೆಯ ಕಾನೂನಿನಲ್ಲೂ ಬದ್ಧವಾದದ್ದು (1191ನೆಯ ಕಲಮು). ಚಟ ಇರುವವನು ಅದನ್ನು ಎರಡೇ ದಿನದಲ್ಲಿ ಮುರಿಯುತ್ತಾನೆ, ಬೈದದ್ದರ ಜೊತೆಗೆ ವ್ರತಭಂಗವೂ ಸೇರುತ್ತದೆ. ನಿರ್ಧಾರ ಸಾಕು, ಅದೂ ಸಣ್ಣದು. ದಂಡದ ಡಬ್ಬಿ ಇಡುವವರೂ ಇದ್ದಾರೆ, ಮಾತಿಗೆ ಹತ್ತು ರೂಪಾಯಿ. ಎಲ್ಲರೂ ಒಪ್ಪಿ ಇಟ್ಟರೆ ಎರಡು ಮೂರು ವಾರ ಎಚ್ಚರ ತರುತ್ತದೆ, ಆಮೇಲೆ ಹತ್ತು ರೂಪಾಯಿ ಎಸೆದು ಬೈಯುವುದಕ್ಕೆ ಪರವಾನಗಿ ಆಗಿಬಿಡುತ್ತದೆ. ಹುಡುಗರ ಪಗಾರದಿಂದ ದಂಡ ಕತ್ತರಿಸುವುದಂತೂ ಸಲ್ಲದು. ಬದಲಿ ಪದ ಇಟ್ಟುಕೊಳ್ಳುವುದು ಕಬ್ಬಿಣಕ್ಕೆ, ನೋವಿಗೆ ಚೆನ್ನಾಗಿ ನಡೆಯುತ್ತದೆ. "ಸುಡುಗಾಡು" ಎನ್ನಿ, ಇಲ್ಲವೇ ಏನಾದರೂ ಎರಡು ಅಕ್ಷರ ಜೋರಾಗಿ ಕೂಗಿ. ಮನುಷ್ಯರ ವಿಷಯದಲ್ಲಿ ಬದಲಿ ಪದ ಸಲ್ಲದು, ಮೆತ್ತಗಿನ ಪದದಲ್ಲಿ ಮಾಡಿದ ಅವಮಾನವೂ ಅವಮಾನವೇ.

ನಾನು ಸಲಹೆ ಕೊಡುವ ಕ್ರಮ ಹೀಗಿದೆ. ಎಲ್ಲವನ್ನೂ ಒಟ್ಟಿಗೆ ಬಿಡಲು ಹೋಗಬೇಡಿ. ಜಾತಿಯ ಮಾತು ಇವತ್ತಿನಿಂದ ಸಂಪೂರ್ಣ ಬಂದ್. ಅದರ ಜೊತೆ ಮೊದಲ ತಿಂಗಳು ಒಂದೇ ಗುರಿ, ಯಾರ ತಾಯಿ, ಅಕ್ಕತಂಗಿಯರ ಹೆಸರೂ ಬಾಯಿಗೆ ಬರಬಾರದು. ಎರಡನೆಯ ತಿಂಗಳು ದೇವರಾಣೆ. ವಸ್ತುಗಳ ಮೇಲಿನ ಮಾತು ಕೊನೆಗೆ. ರಾತ್ರಿ ಮಲಗುವ ಮುಂಚೆ ಎರಡು ನಿಮಿಷ ಕೂತು, ಇವತ್ತು ಯಾವ ಹೊತ್ತಿಗೆ, ಯಾರ ಮೇಲೆ, ಏನಾದಾಗ ಎಂಬ ಮೂರನ್ನು ಮಾತ್ರ ನೆನೆಯಿರಿ. ಒಂದು ವಾರದಲ್ಲಿ ನಮೂನೆ ಕಾಣುತ್ತದೆ. ಹೆಚ್ಚಿನವರಲ್ಲಿ ಅದು ಊಟ ತಪ್ಪಿದ ಮಧ್ಯಾಹ್ನ, ನಿದ್ದೆಗೆಟ್ಟ ಮರುದಿನ, ಉಧಾರಿ ವಸೂಲಿಯ ಫೋನ್ ಬಂದ ಮೇಲಿನ ಅರ್ಧ ಗಂಟೆ. ಆ ಹೊತ್ತಿನಲ್ಲಿ ಹುಡುಗರ ಕೆಲಸ ತಪಾಸಣೆಗೆ ಹೋಗಬೇಡಿ. ದೇವರ ನಾಮ ಕೆಟ್ಟದಾಗಿ ಬಾಯಿಂದ ಬಿದ್ದರೆ ಕೂಡಲೇ ಮೆಲ್ಲಗೆ "ದೇವರಿಗೆ ಸ್ತುತಿಯಾಗಲಿ" ಎನ್ನಿ. ಪರಮಪ್ರಸಾದದ ಆಶೀರ್ವಾದದ ಕೊನೆಗೆ ನಾವು ಹೇಳುವ ಸ್ತುತಿಮಾಲೆಯನ್ನು ಲುಯಿಜಿ ಫೆಲಿಚಿ ಎಂಬ ಇಟಲಿಯ ಗುರು 1797ರಲ್ಲಿ ರಚಿಸಿದ್ದು ಇದೇ ಕಾರಣಕ್ಕೆ, ದೂಷಣೆಯ ಮಾತಿಗೆ ಪರಿಹಾರವಾಗಿ.

ಹುಡುಗರಲ್ಲಿ ಕ್ಷಮೆ ಕೇಳುವುದನ್ನು ತಪ್ಪಿಸಬೇಡಿ. ಆದ ಹಾನಿಯನ್ನು ಆದಷ್ಟು ಸರಿಪಡಿಸಬೇಕು ಎಂಬುದು ಪಾಪನಿವೇದನೆಯ ಭಾಗವೇ (ಪರಿಚ್ಛೇದ 1459). ಎಲ್ಲರೆದುರು ಬೈದಿದ್ದರೆ ಎಲ್ಲರೆದುರೇ, "ಆವತ್ತು ನಿಮ್ಮ ಅವ್ವನ ಹೆಸರೆತ್ತಿದ್ದು ನನ್ನ ತಪ್ಪು" ಎಂದು ಒಂದು ಸಾಲು ಸಾಕು. "ನೀನೂ ಹಂಗ ಮಾಡಿದ್ದಿ" ಎಂದು ಬಾಲ ಸೇರಿಸಿದರೆ ಕ್ಷಮೆ ಕೆಟ್ಟಿತು. ಮಾಲೀಕರ ಮರ್ಯಾದೆ ಹೋಗುತ್ತದೆ, ಹುಡುಗರು ತಲೆ ಮೇಲೆ ಕೂರುತ್ತಾರೆ ಎಂಬ ಅಂಜಿಕೆ ಇರುತ್ತದೆ. ಒಂದೆರಡು ದಿನ ಹುಡುಗರು ಮುಖ ಮುಖ ನೋಡಿಕೊಳ್ಳಬಹುದು, ಅಷ್ಟೇ.

ಮಗನ ವಿಷಯದಲ್ಲಿ ಅವಸರ ಬೇಡ. ಎಂಟು ವರ್ಷದವನಿಗೆ ಆ ಪದದ ಅರ್ಥ ಗೊತ್ತಿಲ್ಲ, ಅದರ ಜೋರು ಮಾತ್ರ ಗೊತ್ತು. ನಗಬೇಡಿ, ಹೊಡೆಯಬೇಡಿ. ಬ್ಯಾಡಗಿ ಮೆಣಸಿನಕಾಯಿಯ ಸೀಮೆಯಲ್ಲಿ ಬಾಯಿಗೆ ಖಾರ ಹಾಕುವ ಶಿಕ್ಷೆ ಇನ್ನೂ ಇದೆ. ಪುಡಿ ಉಸಿರಿನ ದಾರಿಗೆ ಹೋದರೆ ಮಗುವಿಗೆ ಉಸಿರು ಕಟ್ಟುತ್ತದೆ, ಅದನ್ನು ಯಾವ ಕಾರಣಕ್ಕೂ ಮಾಡಬೇಡಿ. "ಆ ಮಾತು ನಾನೂ ಆಡಬಾರದಿತ್ತು, ಇಬ್ಬರೂ ಬಿಡೋಣು. ತಂಗಿಗೆ ಸಾರಿ ಅನ್ನು" ಎಂದು ಹೇಳಿ. ಮೊದಲ ಪಾಪನಿವೇದನೆಗೆ ಅವನು ಇದನ್ನು ತಾನಾಗಿ ಹೇಳಿದರೆ ಹೇಳಲಿ, ಒತ್ತಾಯಿಸಿ ಕಲಿಸಿ ಕಳಿಸಬೇಡಿ. ಸ್ವಲ್ಪ ದೊಡ್ಡವನಾದಾಗ ಹೋಳಿಯ ಪ್ರಶ್ನೆ ಬರುತ್ತದೆ. ಕಾಮಣ್ಣನ ಮುಂದೆ ಹಲಗಿ ಬಾರಿಸಿ ಗೆಳೆಯರೊಡನೆ ಬಣ್ಣ ಆಡುವುದಕ್ಕೆ ಯಾಕೆ ಬೇಡ ಎನ್ನಬೇಕು? ದಾರಿಯಲ್ಲಿ ಹೋಗುವ ಹೆಣ್ಣುಮಕ್ಕಳ ಮೇಲೆ ಕೂಗುವ ಮಾತಿಗೆ ಮಾತ್ರ ಬೇಡ ಎನ್ನಿ. ಹಬ್ಬ ಸಾಮಾನ್ಯವಾಗಿ ಈಸ್ಟರ್ ಹಬ್ಬಕ್ಕೆ ಮುಂಚಿನ ನಮ್ಮ ತಪಸ್ಸುಕಾಲದಲ್ಲೇ ಬರುವುದರಿಂದ ಆ ಮಾತು ಎತ್ತಲು ಹೊತ್ತೂ ಒದಗುತ್ತದೆ.

ಬೈಗುಳವೇ ಕಾಯಿಲೆಯ ಲಕ್ಷಣವಾಗಿರುವವರೂ ಇದ್ದಾರೆ. ತಲೆಗೆ ಪೆಟ್ಟು ಬಿದ್ದ ಮೇಲೆ, ಮರೆವಿನ ಕಾಯಿಲೆ ಶುರುವಾದಾಗ, ಒಮ್ಮೆಯೂ ಕೆಟ್ಟ ಮಾತಾಡದ ಹಿರಿಯರು ಬೈಯತೊಡಗಬಹುದು. ಅಲ್ಲಿ ಪಾಪದ ಪ್ರಶ್ನೆಯೇ ಬರುವುದಿಲ್ಲ. ಹಾಗೆಯೇ ಪಾಪನಿವೇದನೆ ಮುಗಿಸಿ ಹೊರಬಂದ ಕೂಡಲೇ ಮತ್ತೆ ಪಾಪವಾಯಿತೇನೋ ಎಂಬ ಭಯ, ಬೇಡವೆಂದರೂ ದೇವರ ಬಗ್ಗೆ ಹೊಲಸು ಪದ ತಲೆಯಲ್ಲಿ ಸುತ್ತುವುದು ಇದ್ದರೆ, ಒಬ್ಬರೇ ಗುರುಗಳನ್ನು ಹಿಡಿದು ಅವರ ಮಾತಿನಂತೆ ನಡೆಯಿರಿ, ಜೊತೆಗೆ ಮನೋವೈದ್ಯರನ್ನೂ ಕಾಣಿ. ಧಾರವಾಡದಲ್ಲೇ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ನಿಮ್ಮ ಪತ್ರದಲ್ಲಿ ಆ ಲಕ್ಷಣ ನನಗೆ ಕಾಣಲಿಲ್ಲ.

ಪಾಪನಿವೇದನೆಗೆ ಹೋದಾಗ ಬೈಗುಳದ ಪದಗಳನ್ನು ಹಾಗ್ಹಾಗೇ ಹೇಳಬೇಕಿಲ್ಲ. ಗಂಭೀರ ಪಾಪವನ್ನು ಬಗೆ ಮತ್ತು ಎಣಿಕೆ ಸಹಿತ ಹೇಳಬೇಕು ಎಂಬುದಷ್ಟೇ ನಿಯಮ, ಎಣಿಕೆ ನೆನಪಿಲ್ಲದಿದ್ದರೆ ಅಂದಾಜು ಸಾಕು. "ಕೈಕೆಳಗಿನ ಹುಡುಗರನ್ನು ಎಲ್ಲರೆದುರು ತಾಯಿಯ ಹೆಸರೆತ್ತಿ ಬೈದು ಅವಮಾನ ಮಾಡಿದ್ದೇನೆ, ವಾರಕ್ಕೆ ಇಷ್ಟು ಸಲ, ಜಾತಿ ಹಿಡಿದು ಬೈದಿದ್ದೇನೆ, ಇಷ್ಟು ಸಲ, ಸುಳ್ಳು ಆಣೆ ಮಾಡಿದ್ದೇನೆ, ನೋವಿನಲ್ಲಿ, ಸಿಟ್ಟಿನಲ್ಲಿ ಹೊಲಸು ಮಾತಾಡುವ ಚಟವಿದೆ." ಇಷ್ಟು ಹೇಳಿದರೆ ಗುರುಗಳಿಗೆ ಎಲ್ಲವೂ ತಿಳಿಯುತ್ತದೆ. ಭಾನುವಾರ ಪೂಜೆಗೆ ಮುಂಚಿನ ಹತ್ತು ನಿಮಿಷದಲ್ಲಿ ಸಾಲು ಉದ್ದವಿದ್ದು ಗಡಿಬಿಡಿಯಾಗುತ್ತದೆ. ವಾರದ ನಡುವೆ ಗ್ಯಾರೇಜ್ ಮುಚ್ಚಿದ ಮೇಲೆ ಒಂದು ಸಂಜೆ ಬರುತ್ತೇನೆಂದು ಫೋನ್ ಮಾಡಿ ಸಮಯ ಕೇಳಿ ಹೋಗಿ. ಅದಾದ ಭಾನುವಾರ ಪರಮಪ್ರಸಾದ ಸ್ವೀಕರಿಸಿ.